ಬಾಯಿಲ್ಲದ ಕುಂಬಳಕಾಯಿ

ದೃಷ್ಟಿ ತೆಗೆದ ಕುಂಬಳಕಾಯಿಯನ್ನು ಒಡೆಯಬೇಕು. ರಾಣೆಬೆನ್ನೂರಿನಲ್ಲಿ ಇದು ಚಿಕ್ಕ ಮಕ್ಕಳಿಗೂ ಗೊತ್ತಿರುವ ವಿಷಯ. ದಾಕ್ಷಾಯಣಿಗೂ ಗೊತ್ತಿತ್ತು. ಆದರೆ ಹ್ಯೂಸ್ಟನ್ನಿನ ಪಶ್ಚಿಮಕ್ಕಿರುವ ಕೇಟಿಯಲ್ಲಿ, ಮನೆಮುಂದಿನ ಹುಲ್ಲು ಒಂದಿಂಚು ಹೆಚ್ಚು ಬೆಳೆದರೂ ನೋಟಿಸ್ ಕಳಿಸುವ ಬಡಾವಣೆಯಲ್ಲಿ, ನಡುರಸ್ತೆಗೆ ಕುಂಕುಮ ಚೆಲ್ಲಾಡಿ ಕಾಯಿ ಒಡೆಯುವ ಧೈರ್ಯ ಅವಳಿಗೆ ಬರಲಿಲ್ಲ. ಎದುರುಮನೆಯ ಬಾಗಿಲಿಗೆ ಕ್ಯಾಮೆರಾ ಬೇರೆ. ರಸ್ತೆಯ ಮೇಲೆ ಕೆಂಪು ಕಂಡು ಯಾರಾದರೂ ಪೊಲೀಸರಿಗೆ ಫೋನ್ ಮಾಡಿದರೆ ಏನೆಂದು ಹೇಳುವುದು? ಹೀಗಾಗಿ ಅವಳು ಕಾಯಿಯನ್ನು ಮೂರು ದಾರಿ ಕೂಡುವಲ್ಲಿ ಇಡಿಯಾಗಿಯೇ ಇಟ್ಟಳು. ಹಿಂದೆ ತಿರುಗಿ ನೋಡದೆ ಬಂದು, ಗ್ಯಾರೇಜಿನ ಪಕ್ಕದ ನಲ್ಲಿಯಲ್ಲಿ ಕಾಲು ತೊಳೆದುಕೊಂಡು ಒಳಗೆ ಹೋದಳು. ಮುಂದೆ ಆದದ್ದೆಲ್ಲ ಈ ಒಂದು ಅಂಜಿಕೆಯಿಂದ ಆದದ್ದು.

ದೃಷ್ಟಿ ತೆಗೆದದ್ದು ಮಗಳು ನಿಶಿತಾಳಿಗೆ. ಏಳು ವರ್ಷದ, ಎರಡನೇ ಕ್ಲಾಸಿನ ಹುಡುಗಿ. ಮಾತು ಶುರುಮಾಡಿದರೆ ನಿಲ್ಲಿಸುವುದು ಯಾರ ಕೈಯಲ್ಲೂ ಆಗುತ್ತಿರಲಿಲ್ಲ. ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ, ಆ ಉತ್ತರಕ್ಕೊಂದು ಬಾಲ, ಬಾಲಕ್ಕೊಂದು ಮರಿಬಾಲ. ಅಂಥವಳ ಧ್ವನಿ ದಸರೆಯ ಮರುವಾರದಿಂದ ಸಂಜೆಯಾದರೆ ಹೋಗಿಬಿಡುತ್ತಿತ್ತು. ಬೀದಿದೀಪ ಹತ್ತುವವರೆಗೆ ಗಲಗಲ ಎನ್ನುವವಳು ದೀಪ ಹತ್ತಿದ ಕೂಡಲೇ ತುಟಿ ಆಡಿಸುತ್ತಿದ್ದಳು, ಸದ್ದು ಬರುತ್ತಿರಲಿಲ್ಲ. ಬೆಳಿಗ್ಗೆ ಏಳುವಾಗ ಎಲ್ಲ ಸರಿ. ಇಬ್ಬರು ಡಾಕ್ಟರು ಗಂಟಲಿಗೆ ಕೊಳವೆ ಇಳಿಸಿ ನೋಡಿ ಏನೂ ಇಲ್ಲವೆಂದರು. ಮೂರನೆಯವರು ಮನಸ್ಸಿನ ಒತ್ತಡ ಎಂದು ಬರೆದರು. ಗಂಡ ಕಾರ್ತಿಕೇಯ ತೈಲ ಕಂಪನಿಯೊಂದರ ಎಂಜಿನಿಯರು. ಯಾವ ಯಂತ್ರ ಕೆಟ್ಟರೂ ಒಂದು ಕಾರಣ ಇದ್ದೇ ಇರಬೇಕೆನ್ನುವವನು. "ನಾಕನೇ ಡಾಕ್ಟರ್‌ನ ನೋಡೂಣು," ಎಂದ.

ದಾಕ್ಷಾಯಣಿ ಒಂದು ಮಾತನ್ನು ಅವನಿಗೆ ಹೇಳಿರಲಿಲ್ಲ. ಒಂದು ಸಂಜೆ ಅವಳು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಾಗ ಹಿತ್ತಲ ಬೇಲಿಯಾಚೆಯಿಂದ ಮಗಳು ಕರೆದಳು. "ಅಮ್ಮಾ!" ಓ ಎನ್ನಬೇಕೆಂದು ತಲೆ ಎತ್ತಿದರೆ ನಿಶಿತಾ ಎದುರಿನ ಕುರ್ಚಿಯಲ್ಲೇ ಕೂತು ಬಣ್ಣ ಹಚ್ಚುತ್ತಿದ್ದಾಳೆ, ತುಟಿ ಮುಚ್ಚಿವೆ. ಇನ್ನೊಮ್ಮೆ, "ಅಮ್ಮಾ!" ಅದೇ ಧ್ವನಿ, ಕೊನೆಗೆ ಸ್ವಲ್ಪ ಎಳೆಯುವ ಅದೇ ರೂಢಿ. ನಿಶಿತಾ ಬಣ್ಣದ ಪೆನ್ಸಿಲ್ ಕೆಳಗಿಟ್ಟು ಬೇಲಿಯ ಕಡೆ ಕತ್ತು ವಾಲಿಸಿ ಕೇಳಿಸಿಕೊಂಡಳು. ದಾಕ್ಷಾಯಣಿಯ ಕೈಯೊಳಗಿನ ಸೊಪ್ಪು ಕೈಯಲ್ಲೇ ಹಿಂಡಿಹೋಯಿತು. ಮುಸ್ಸಂಜೆಯಲ್ಲಿ ಯಾರೇ ಕರೆದರೂ ಮೂರನೇ ಸಲದವರೆಗೆ ಓಗೊಡಬಾರದು, ಮನುಷ್ಯರಲ್ಲದವು ಮೂರನೇ ಸಲ ಕರೆಯುವುದಿಲ್ಲ ಎಂದು ಅವಳ ತಾಯಿ ಚಿಕ್ಕಂದಿನಲ್ಲಿ ಹೇಳಿಕೊಟ್ಟಿದ್ದಳು. ಮೂರನೇ ಕರೆ ಬರಲಿಲ್ಲ.

ಊರಿನಲ್ಲಿರುವ ಅತ್ತೆ ಶಾಂತವ್ವನಿಗೆ ಫೋನ್ ಮಾಡಿದಾಗ ಅವರು ಜಾಸ್ತಿ ಕೇಳಲಿಲ್ಲ.

"ಅಮಾಸಿ ದಿನ ದೃಷ್ಟಿ ತಗಿ. ಬೂದಗುಂಬಳ ತಗೊಂಡು ಬಾ."

"ಅದು ಇಲ್ಲೆ ಸಿಗವಲ್ದುರೀ ಅತ್ತಿ. ಇಂಡಿಯನ್ ಅಂಗಡ್ಯಾಗೂ ಖಾಲಿ ಆಗೇದ. ಹಾಲೋವೀನ್ ಹಬ್ಬಕ್ಕಂತ ಕಿತ್ತಳೆ ಬಣ್ಣದ್ವು ಮಾತ್ರ ಎಲ್ಲಾ ಕಡೆ ರಾಶಿ ಒಟ್ಯಾರ."

"ಕುಂಬಳಕಾಯಿ ಅಂದ್ರ ಕುಂಬಳಕಾಯಿನ. ಬಣ್ಣ ನೋಡಿ ಯಾರಿಗೇನು ಆಗಬೇಕಾಗೇದ?"

ದೀಪಾವಳಿ ಅಮಾವಾಸ್ಯೆಯ ಸಂಜೆ ಅವಳು ಕಾಯಿಯ ತೊಟ್ಟಿನ ಪಕ್ಕ ಸಣ್ಣ ಚೌಕ ಕೊರೆದು, ಕುಂಕುಮ ತುಂಬಿ, ಕೊರೆದ ತುಂಡನ್ನೇ ಮುಚ್ಚಳ ಮಾಡಿದಳು. ಮೇಲೆ ಕರ್ಪೂರ ಹಚ್ಚಿ ಮಗಳಿಗೆ ಮೂರು ಸಲ ನಿವಾಳಿಸಿದಳು. ಕರ್ಪೂರ ಉರಿದು ಸಿಪ್ಪೆಯ ಮೇಲೆ ಕಪ್ಪು ಬಳೆಯಂಥ ಗುರುತು ಉಳಿಯಿತು. ಮೂರು ದಾರಿಯಲ್ಲಿ ಇಟ್ಟು ಬಂದು ಬಾಗಿಲು ತೆಗೆದರೆ ನಿಶಿತಾ ಸೋಫಾದ ಮೇಲೆ ನಿಂತು, "ಅಮ್ಮಾ, ಐ ಆಮ್ ಸೋ ಹಂಗ್ರಿ!" ಎಂದು ಕೂಗಿದಳು. ಬೀದಿದೀಪ ಹತ್ತಿ ಅರ್ಧ ಗಂಟೆಯಾಗಿತ್ತು. ದಾಕ್ಷಾಯಣಿ ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಇಷ್ಟು ಸುಖದ ಅಳು ಅವಳಿಗೆ ಮಗಳು ಹುಟ್ಟಿದ ದಿನವೂ ಬಂದಿರಲಿಲ್ಲ.

ಮುಂದಿನ ಸೋಮವಾರ ಶಾಲೆಯಲ್ಲಿ ಕುಂಬಳಕಾಯಿ ದಿನ. ದಾಕ್ಷಾಯಣಿ ಆ ವರ್ಷ ನಿಶಿತಾಳ ಕ್ಲಾಸಿನ ಪಾರ್ಟಿಗಳನ್ನು ನೋಡಿಕೊಳ್ಳುವ ತಾಯಿ. ಶಾಲೆಯ ನಿಯಮಗಳು ಒಂದೆರಡಲ್ಲ. ಚಾಕು ಕೂಡದು, ರಕ್ತ ಕೂಡದು, ಮಕ್ಕಳು ಹೆದರುವಂಥ ಯಾವುದೂ ಕೂಡದು. ಪ್ರತಿ ಮಗುವೂ ಒಂದು ಕಾಯಿ ತಂದು ಅದಕ್ಕೆ ಬಣ್ಣ, ಉಲ್ಲನ್ನು, ಗುಂಡಿ ಅಂಟಿಸಿ ಕಥೆಯ ಪಾತ್ರವೊಂದನ್ನು ಮಾಡಬೇಕು. ಒಂದು ಮೂಲೆಯಲ್ಲಿ ಗಾಜಿನ ಜಾಡಿಯೊಳಗಿನ ಬೀಜಗಳೆಷ್ಟೆಂದು ಊಹಿಸುವ ಆಟ. ಇನ್ನೊಂದು ಮೂಲೆಯಲ್ಲಿ ಟಾಯ್ಲೆಟ್ ಪೇಪರಿನ ಸುರುಳಿ ಸುತ್ತಿ ಗೆಳೆಯನನ್ನು ಈಜಿಪ್ಟಿನ ಹೆಣದಂಥ ಮಮ್ಮಿ ಮಾಡುವ ಆಟ. ಟೀಚರ್ ಮಿಸ್ ಹೆರ್ನಾಂಡೆಸ್, ಹಾಲೋವೀನ್ ಹಬ್ಬ ಹುಟ್ಟಿದ ಬಗೆಯನ್ನು ಹತ್ತು ನಿಮಿಷ ಹೇಳಿ ಎಂದು ದಾಕ್ಷಾಯಣಿಯನ್ನೇ ಕೇಳಿಕೊಂಡಿದ್ದರು. ಅವಳೂ ಓದಿಕೊಂಡು ಬಂದಿದ್ದಳು.

ಬಹಳ ಹಿಂದೆ ಐರ್ಲೆಂಡಿನ ಕಡೆ, ಸುಗ್ಗಿ ಮುಗಿದು ಚಳಿ ಕಾಲಿಡುವ ರಾತ್ರಿ ಸತ್ತವರು ಮನೆಗೆ ಬರುತ್ತಾರೆಂದು ಜನ ನಂಬಿದ್ದರು ಎಂದು ಅವಳು ಹೇಳಿದಳು. ಬಂದವರಿಗೆಂದು ಬಾಗಿಲಲ್ಲಿ ಊಟ ಇಡುತ್ತಿದ್ದರು. ಗುರುತಿಲ್ಲದ ದೆವ್ವಗಳು ತಮ್ಮನ್ನೂ ದೆವ್ವವೆಂದು ತಿಳಿದು ಬಿಟ್ಟುಹೋಗಲಿ ಎಂದು ಮುಖವಾಡ ಹಾಕುತ್ತಿದ್ದರು. ಟರ್ನಿಪ್ ಗಡ್ಡೆ ಕೊರೆದು, ಮುಖ ಮಾಡಿ, ಒಳಗೆ ದೀಪ ಇಡುತ್ತಿದ್ದರು. ಅಮೆರಿಕಕ್ಕೆ ಬಂದ ಮೇಲೆ ಗಡ್ಡೆಯ ಜಾಗಕ್ಕೆ ಕುಂಬಳಕಾಯಿ ಬಂತು. ಹೇಳುತ್ತಿದ್ದ ಹಾಗೆ ಅವಳಿಗೆ ಮಹಾಲಯ ಅಮಾವಾಸ್ಯೆಯ ಎಡೆ ನೆನಪಾಯಿತು. ಎಲ್ಲ ಊರಿನವರಿಗೂ ಸತ್ತವರ ಹಸಿವಿನದೇ ಚಿಂತೆ ಎಂದುಕೊಂಡಳು.

"ಮುಖ ಯಾಕೆ ಕೊರೀತಿದ್ರು?" ಎಂದು ಮುಂದಿನ ಸಾಲಿನ ಹುಡುಗಿಯೊಬ್ಬಳು ಇಂಗ್ಲಿಷಿನಲ್ಲಿ ಕೇಳಿದಳು.

"ಹೆದರಿಸೋದಕ್ಕೆ," ಎಂದಳು ದಾಕ್ಷಾಯಣಿ.

"ಅಲ್ಲ. ಅದು ಮಾತಾಡಲಿ ಅಂತ," ಎಂದಿತು ಹಿಂದಿನಿಂದ ಒಂದು ಧ್ವನಿ. ಮಕ್ಕಳು ನಕ್ಕರು. ಹೇಳಿದವಳು ಸಿಯಾ, ನಿಶಿತಾಳ ಜೀವದ ಗೆಳತಿ.

ಕಾಯಿಗಳನ್ನು ನೋಡುತ್ತ ಮೇಜಿನಿಂದ ಮೇಜಿಗೆ ಹೋದ ದಾಕ್ಷಾಯಣಿ ಸಿಯಾಳ ಮೇಜಿನ ಬಳಿ ನಿಂತಳು. ಕಪ್ಪು ಉಲ್ಲನ್ನಿನ ಎರಡು ಜಡೆ, ದೊಡ್ಡ ಎರಡು ಕಣ್ಣು. ಕಣ್ಣಿನ ಕೆಳಗೆ ಏನೂ ಇರಲಿಲ್ಲ.

"ಇದಕ್ಕೆ ಬಾಯಿ ಎಲ್ಲಿ ಪುಟ್ಟೀ?"

"ಇದಕ್ಕೆ ಬಾಯಿ ಇಲ್ಲ ಆಂಟಿ," ಎಂದಳು ಸಿಯಾ ಮೆಲ್ಲಗೆ, ಇಂಗ್ಲಿಷಿನಲ್ಲಿ. "ಅದಕ್ಕೇ ಸಂಜೆ ಹೊತ್ತು ನನ್ನದು ತಗೊಳ್ಳತ್ತೆ."

ದಾಕ್ಷಾಯಣಿ ಉಲ್ಲನ್ನಿನ ಜಡೆ ಸರಿಸಿದಳು. ತೊಟ್ಟಿನ ಪಕ್ಕದಲ್ಲಿ ಕಪ್ಪು ಬಳೆಯ ಗುರುತು, ಅದರೊಳಗೆ ಅವಳೇ ಕೊರೆದ ಚೌಕ. ಬೇರೆ ಮಕ್ಕಳ ಕಾಯಿಗಳು ಹ್ಯೂಸ್ಟನ್ನಿನ ಸೆಖೆಗೆ ಆಗಲೇ ಮೆತ್ತಗಾಗಿದ್ದವು. ಕೊರೆದು ಆರು ದಿನವಾಗಿದ್ದ ಇದು ಮಾತ್ರ ಕಲ್ಲಿನಂತಿತ್ತು. ಎಲ್ಲಿ ಸಿಕ್ಕಿತು ಎಂದು ಅವಳು ಕೇಳಲಿಲ್ಲ. ಸಿಯಾಳೇ ಹೇಳಿದಳು, ಮೂಲೆಯ ರಸ್ತೆಯಲ್ಲಿ ಯಾರೋ ಮರೆತು ಹೋಗಿದ್ದರಂತೆ. ಊರಿನಲ್ಲಾಗಿದ್ದರೆ ಮೂರು ದಾರಿಯಲ್ಲಿ ಇಟ್ಟ ಕಾಯಿಯನ್ನು ನಾಯಿಯೂ ಸುತ್ತಿಬಳಸಿ ಹೋಗುತ್ತಿತ್ತು. ಅಕ್ಟೋಬರಿನ ಕೇಟಿಯಲ್ಲಿ ಬೀದಿ ಬದಿಯ ಕುಂಬಳಕಾಯಿ ನೋಡಿ ಅನುಮಾನಪಡುವವರು ಯಾರು?

ಶಾಲೆ ಬಿಟ್ಟಾಗ ಸಿಯಾಳ ತಾಯಿ ಪ್ರಗತಿ ಗೇಟಿನ ಹತ್ತಿರವೇ ಸಿಕ್ಕಳು. ಪ್ರಗತಿ ಬೆಂಗಳೂರಿನವಳು. ಮೂರು ವರ್ಷದ ಹಿಂದೆ ಅವಳು ಡಲ್ಲಾಸಿನಿಂದ ಈ ಬಡಾವಣೆಗೆ ಶಿಫ್ಟ್ ಆದಾಗ, ಒಲೆ ಹಚ್ಚುವ ಮೊದಲು ಅವಳ ಮನೆಗೆ ರೊಟ್ಟಿ ಪಲ್ಯ ಕಳಿಸಿದ್ದವಳು ದಾಕ್ಷಾಯಣಿಯೇ. ಅಂದಿನಿಂದ ಇಬ್ಬರದೂ ಒಂದೇ ಜೀವ. ಪ್ರಗತಿಯ ಗಂಡ ಪ್ರತಾಪ್‌ಗೆ ಟೇಲರ್ ಎಂಬ ಊರಿನ ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ ಕೆಲಸ, ವಾರವಿಡೀ ಆಸ್ಟಿನ್ ಕಡೆಯೇ ಇದ್ದು ಶನಿವಾರ ಬರುತ್ತಿದ್ದ.

"ದಾಕ್ಷಾ, ಸಿಯಾಗೆ ಸಂಜೆ ಆದ್ರೆ ಧ್ವನೀನೇ ಬರಲ್ಲ ಕಣೇ," ಎಂದಳು ಪ್ರಗತಿ. ಅವಳ ಕಣ್ಣು ನಿದ್ದೆಗೆಟ್ಟು ಕೆಂಪಾಗಿದ್ದವು. "ನಿಶಿತಾಗೂ ಹೀಗೇ ಆಗಿತ್ತಲ್ಲ? ಹೇಗೆ ಸರಿಹೋಯ್ತು?"

ಈಗ ಹೇಳಿಬಿಡಬೇಕು ಎಂದುಕೊಂಡಳು ದಾಕ್ಷಾಯಣಿ. ಎದುರಿಗೆ ನಿಶಿತಾ ಬ್ಯಾಗು ಕುಣಿಸುತ್ತ ಏನೋ ಹಾಡುತ್ತಿದ್ದಳು.

"ತಾನಾಗೇ ಸರಿಹೋಯ್ತು," ಎಂದಳು. "ಡಾಕ್ಟರ್ ನಂಬರ್ ಕಳಿಸ್ತೀನಿ."

ಕಳಿಸಿಯೂ ಕಳಿಸಿದಳು. ಗೆಳತಿಗೆ ಅವಳು ಕೊಟ್ಟ ಸಹಾಯ ಇಷ್ಟೇ.

ರಾತ್ರಿಯ ಅಡುಗೆ ಮುಗಿಸಿ ಅತ್ತೆಗೆ ಫೋನ್ ಮಾಡಿದಾಗ ಅಲ್ಲಿ ಬೆಳಗಾಗಿ ಶಾಂತವ್ವ ಚಹಾ ಕುಡಿಯುತ್ತಿದ್ದರು. ಎಲ್ಲ ಕೇಳಿದ ಮೇಲೆ ಲೋಟ ಕೆಳಗಿಟ್ಟ ಸದ್ದಾಯಿತು.

"ಒಡದಿ ಹೌದಿಲ್ಲೋ?"

"ಇಲ್ರೀ ಅತ್ತಿ. ಹಂಗ ಇಟ್ಟು ಬಂದೆ."

"ಅಯ್ಯ ಹುಚ್ಚಿ! ಒಡೀದ ಇಟ್ರ ಅದು ಎಲ್ಲಿಗೆ ಹೋಗಬೇಕು? ಅದರಾಗ ಕುಂತಿರ್ತದ. ಯಾರು ಎತ್ತಿಕೊಂಡ್ರೋ ಅವರ ಮನಿಗೆ ಹೋತು."

"ಈಗ ಒಡದ್ರ?"

"ಈಗ ಒಡದ್ರ ಅದರ ಕೂಡ ಆ ಕೂಸಿನ ಧ್ವನಿನೂ ಹೋಗ್ತದ. ಅದು ತಾಯಿ ಇಲ್ಲದ್ದು ಇರಬೇಕು ನೋಡು. ತಾಯಿನ್ನ ಕರಿಯಾಕ ಮಂದಿ ಧ್ವನಿ ಕಡ ತಗೋತದ. ಅದು ಕರದಾಗ ಯಾರರೆ ಓ ಅಂದ್ರು ಅಂದ್ರ ಮುಗೀತು. ಅದು ಅವರ ಮನಿ ಸೇರ್ತದ, ಧ್ವನಿ ಯಾರದೋ ಅವರು ಹೊರಗ ಉಳೀತಾರ."

ದಾಕ್ಷಾಯಣಿಗೆ ಮೆಂತ್ಯ ಸೊಪ್ಪಿನ ಸಂಜೆ ನೆನಪಾಯಿತು. "ಹಂಗಾರ ಏನ ಮಾಡ್ಲಿರೀ?"

"ತಗದಾಕಿನ ತಿರುಗಿ ತಗೋಬೇಕು. ಆ ಕೂಸಿಗೆ ನಿವಾಳಿಸಿ, ನನ್ನ ಕಡೆ ಬಾ ಅಂತ ಬಾಯಿಬಿಟ್ಟು ಕರದು, ಕಾಯಿ ಮನಿಗೆ ತರಬೇಕು. ಮನಿಗೆ ಬಂದ ಮ್ಯಾಲೆ ಅದು ನಿನ್ನ ಹಿಡೀತದೋ ನಿನ್ನ ಮಗಳನ್ನ ಹಿಡೀತದೋ, ಅದು ನನಗ ಗೊತ್ತಿಲ್ಲವಾ."

ಮಂಗಳವಾರ ಹೋಗಬೇಕೆಂದುಕೊಂಡಳು, ಹೋಗಲಿಲ್ಲ. ಬುಧವಾರ ಪ್ರಗತಿಯ ಮನೆಯ ತಿರುವಿನವರೆಗೆ ಕಾರು ಓಡಿಸಿ ಹಿಂದಕ್ಕೆ ಬಂದಳು. ಗುರುವಾರ ನಿಶಿತಾ ಮಲಗುವ ಮುನ್ನ ಅರ್ಧ ಗಂಟೆ ಹಲ್ಲಿಯ ಬಾಲದ ಬಗ್ಗೆ ಮಾತಾಡಿದಳು. ದಾಕ್ಷಾಯಣಿ ಒಂದೊಂದು ಶಬ್ದವನ್ನೂ ಕಿವಿತುಂಬ ಕೇಳಿ, ನಾಳೆ ನೋಡೋಣ ಎಂದು ದೀಪ ಆರಿಸಿದಳು. ಅವಳೇನು ಕೆಟ್ಟವಳಲ್ಲ. ತನ್ನ ಕೂಸು ಸುಖವಾಗಿ ಮಾತಾಡುತ್ತಿರುವಾಗ ಇನ್ನೊಬ್ಬರ ಕೂಸಿನ ಸಂಕಟ ಮೂರು ಬೀದಿ ದೂರ ಅನಿಸುವುದು ತಾಯಂದಿರಿಗೆ ಹೊಸದಲ್ಲ.

ಶುಕ್ರವಾರ ಹಾಲೋವೀನ್. ಇನ್ನೂ ಬೆಳಕಿರುವಾಗಲೇ ಬಡಾವಣೆಯ ಬೀದಿಯಲ್ಲಿ ಅಸ್ಥಿಪಂಜರಗಳು, ಮಾಟಗಾತಿಯರು, ಬಾಲ ಸಿಕ್ಕಿಸಿಕೊಂಡ ಡೈನೋಸಾರ್‌ಗಳು ಚಾಕೊಲೇಟಿನ ಚೀಲ ಹಿಡಿದು ಓಡಾಡತೊಡಗಿದವು. ನಿಶಿತಾ ಗೂಬೆಯ ವೇಷ ಹಾಕಿದ್ದಳು. ಮನೆ ಮನೆಯ ಗಂಟೆ ಒತ್ತಿ ಕೂಗಿ ಕೂಗಿ ಅವಳ ಚೀಲ ಅರ್ಧ ತುಂಬುವ ಹೊತ್ತಿಗೆ ತಾಯಿ ಮಗಳು ಪ್ರಗತಿಯ ಮನೆ ತಲುಪಿದರು. ದಾಕ್ಷಾಯಣಿ ಆ ಮನೆ ಬಿಟ್ಟು ಮುಂದೆ ಹೋಗಬೇಕೆಂದೇ ಇದ್ದಳು. ನಿಶಿತಾ ಕೈ ಬಿಡಿಸಿಕೊಂಡು ಓಡಿಬಿಟ್ಟಳು.

ಜಗಲಿಯ ಮೆಟ್ಟಿಲ ಮೇಲೆ ಸಿಯಾ ಬಿಳಿ ಬಟ್ಟೆಯ ದೆವ್ವದ ವೇಷದಲ್ಲಿ ಕೂತಿದ್ದಳು. ಅವಳ ಪಕ್ಕದಲ್ಲಿ ಎರಡು ಜಡೆಯ ಆ ಕುಂಬಳಕಾಯಿ. ಬಾಗಿಲಲ್ಲಿ ಚಾಕೊಲೇಟಿನ ಬುಟ್ಟಿ ಹಿಡಿದು ನಿಂತಿದ್ದ ಪ್ರಗತಿ ನಾಲ್ಕು ದಿನದಲ್ಲಿ ಇಳಿದುಹೋಗಿದ್ದಳು. ಬೀದಿದೀಪಗಳು ಒಂದೊಂದಾಗಿ ಹತ್ತಿದವು. ನಿಶಿತಾ ಏನೋ ಕೇಳಿದಳು. ಸಿಯಾ ತುಟಿ ಆಡಿಸಿದಳು, ಸದ್ದಿಲ್ಲ.

ಮನೆಯ ಪಕ್ಕದ ಕತ್ತಲ ಓಣಿಯಿಂದ ಕರೆ ಬಂತು. "ಅಮ್ಮಾ!"

ಸಿಯಾಳ ಧ್ವನಿ. ಪ್ರಗತಿ ಆ ಕಡೆ ತಿರುಗಿದಳು. "ನೋಡು, ದಿನಾ ಹೀಗೇ," ಎಂದು ಪಿಸುಗುಟ್ಟಿದಳು. "ಇವಳು ಇಲ್ಲೇ ಇರ್ತಾಳೆ. ಧ್ವನಿ ಅಲ್ಲಿಂದ ಬರತ್ತೆ. ನಂಗೆ ತಲೆ ಕೆಟ್ಟಿದೆಯೇನೋ. ಇವತ್ತು ಏನಾದ್ರಾಗ್ಲಿ ಅಂತ..."

"ಅಮ್ಮಾ!" ಈ ಸಲ ಇನ್ನೂ ಹತ್ತಿರ, ಅಳು ಬೆರೆತ ಹಾಗೆ.

ಪ್ರಗತಿಯ ಬಾಯಿ ತೆರೆಯಿತು. ಓ ಎನ್ನುವ ಮೊದಲೇ ದಾಕ್ಷಾಯಣಿ ಮೆಟ್ಟಿಲು ಹಾರಿ ಅಂಗೈಯಿಂದ ಅವಳ ಬಾಯಿ ಮುಚ್ಚಿದಳು. ಬುಟ್ಟಿ ಬಿದ್ದು ಚಾಕೊಲೇಟು ಚೆಲ್ಲಾಪಿಲ್ಲಿಯಾಯಿತು. "ಓ ಅನ್ಬೇಡ," ಎಂದಳು. "ನಿಂಗೆ ಕೈ ಮುಗೀತೀನಿ ಪ್ರಗತಿ, ಓ ಅನ್ಬೇಡ. ಆ ಕಾಯಿ ನಂದು. ನಿಶಿತಾಗೆ ದೃಷ್ಟಿ ತೆಗೆದು ಮೂಲೇಲಿ ಇಟ್ಟಿದ್ದೆ. ಒಡೀಲಿಲ್ಲ. ಒಡೀಬೇಕಿತ್ತು."

ಪ್ರಗತಿ ಬೆಂಗಳೂರಿನವಳೇ ಆದರೂ ದೃಷ್ಟಿಯ ಕಾಯಿ ಎಂದರೆ ಏನೆಂದು ಅವಳಿಗೆ ವಿವರಿಸಬೇಕಾಗಿರಲಿಲ್ಲ. ಅವಳು ಕಾಯಿಯನ್ನೂ ಮಗಳನ್ನೂ ನೋಡಿದಳು. ದಾಕ್ಷಾಯಣಿ ಕುಂಬಳಕಾಯಿ ಎತ್ತಿಕೊಂಡಳು. ಅದು ಇಟ್ಟ ದಿನಕ್ಕಿಂತ ಭಾರವಾಗಿತ್ತು, ತೂಕಡಿಸುವ ಕೂಸಿನ ಭಾರ. ಸಿಯಾಳಿಗೆ ಮೂರು ಸಲ ನಿವಾಳಿಸಿ, ಓಣಿಯ ಕತ್ತಲಿಗೆ ಮುಖ ಮಾಡಿ ಹೇಳಿದಳು, "ನನ್ನ ಕಡೆ ಬಾ. ನನ್ನ ಧ್ವನಿ ತಗೋ. ಕೂಸುಗಳನ್ನ ಬಿಡು." ಓಣಿಯಿಂದ ತಣ್ಣನೆಯ ಗಾಳಿ ಬಂದು ಅವಳ ಕತ್ತಿನ ಸುತ್ತ ಒಮ್ಮೆ ಸುಳಿಯಿತು. ಬಟ್ಟೆಯ ದೆವ್ವದೊಳಗಿನಿಂದ ಸಿಯಾ ಹೋ ಎಂದು ಅಳತೊಡಗಿದಳು, ದೊಡ್ಡ ಧ್ವನಿ ತೆಗೆದು.

ಪ್ರಗತಿ ಮಗಳನ್ನು ಅವುಚಿಕೊಂಡು ದಾಕ್ಷಾಯಣಿಯ ಕಡೆ ತಿರುಗಿದಳು. "ಸೋಮವಾರ ಕ್ಲಾಸಲ್ಲಿ ನೀನು ನೋಡಿದ್ದೆ ಅಲ್ವಾ ಈ ಕಾಯಿನ? ನಾಕು ದಿನದಿಂದ ಗೊತ್ತಿತ್ತಾ ನಿಂಗೆ?"

ದಾಕ್ಷಾಯಣಿ ಹೌದು ಎನ್ನಲು ಬಾಯಿ ತೆರೆದಳು. ಸದ್ದು ಹೊರಡಲಿಲ್ಲ. ತಲೆಯಾಡಿಸಿದಳು.

ಪ್ರಗತಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಜಗಲಿಯ ದೀಪವೂ ಆರಿತು. ದಾಕ್ಷಾಯಣಿ ಕಾಯಿಯನ್ನು ಮನೆಗೆ ತಂದು ಹಿತ್ತಲ ಮೆಟ್ಟಿಲ ಮೇಲಿಟ್ಟಳು.

ಆ ವಾರಾಂತ್ಯ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಯಿತು. ಐದೂವರೆಗೇ ಕತ್ತಲು. ಅಷ್ಟು ಹೊತ್ತಿಗೇ ದಾಕ್ಷಾಯಣಿಯ ಧ್ವನಿಯೂ ಹೋಗುತ್ತಿತ್ತು. ಮಗಳಿಗೆ ರಾತ್ರಿ ಹೇಳುತ್ತಿದ್ದ ಕಥೆ ನಿಂತಿತು. ಹೋಮ್‌ವರ್ಕ್ ಮಾಡು, ಹಲ್ಲು ತಿಕ್ಕು ಎಂಬುದನ್ನೆಲ್ಲ ಚೀಟಿಯಲ್ಲಿ ಬರೆದು ತೋರಿಸಬೇಕಾಯಿತು. ಕಾರ್ತಿಕೇಯ ಮೊದಲು ಬೈದ, ಆಮೇಲೆ ಹೆದರಿದ, ಕೊನೆಗೆ ಗಂಟಲಿನ ಡಾಕ್ಟರ ಹತ್ತಿರ ಡಿಸೆಂಬರಿಗೆ ದಿನ ಗೊತ್ತುಮಾಡಿದ. ಪ್ರಗತಿ ಫೋನ್ ಎತ್ತಲಿಲ್ಲ. ಶಾಲೆಯ ಗೇಟಿನಲ್ಲಿ ಎದುರಾದರೆ ಕಾರಿನ ಕನ್ನಡಿ ನೋಡಿಕೊಳ್ಳುತ್ತಿದ್ದಳು. ಅದಕ್ಕೆ ದಾಕ್ಷಾಯಣಿ ಏನೂ ಅಂದುಕೊಳ್ಳಲಿಲ್ಲ. ತಾನಾಗಿದ್ದರೂ ಅಷ್ಟೇ ಮಾಡುತ್ತಿದ್ದೆ ಎಂದು ಅವಳಿಗೆ ಗೊತ್ತಿತ್ತು.

ಹಿತ್ತಲ ಬೇಲಿಯಾಚೆಯಿಂದ ದಿನವೂ ಎರಡು ಸಲ ಕರೆ ಬರುತ್ತಿತ್ತು. ಈಗದು ಅಮ್ಮಾ ಅಲ್ಲ, "ಅವ್ವಾ!" ದಾಕ್ಷಾಯಣಿಯದೇ ಧ್ವನಿ. ರಾಣೆಬೆನ್ನೂರಿನ ಓಣಿಯಲ್ಲಿ ಶಾಲೆಯಿಂದ ಬಂದು ಪಾಟೀಚೀಲ ಎಸೆದು ಅವಳು ಕೂಗುತ್ತಿದ್ದ ಕೂಗು. ಆ ಅವ್ವ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ತನ್ನ ಗಂಟಲಿನಿಂದಲೇ ಹೋದ ಕರೆಯನ್ನು ಕೇಳಿ ತಾನೇ ಅಳುವಂತಾಯಿತು ಅವಳ ಪಾಡು.

ಆದರೆ ಅಳುವುದಕ್ಕಿಂತ ದೊಡ್ಡ ಭಯವೊಂದಿತ್ತು. ನಿಶಿತಾ ಮೆತ್ತನೆ ಕರುಳಿನ ಹುಡುಗಿ. ಬೀದಿಯಲ್ಲಿ ಬೆಕ್ಕು ಅತ್ತರೂ ಹೋಗಿ ಮಾತಾಡಿಸುವವಳು.

"ಅದರ ಅಮ್ಮ ಯಾಕೆ ಉತ್ತರ ಕೊಡಲ್ಲ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು ಒಂದು ಸಂಜೆ. "ಇಷ್ಟು ದಿನದಿಂದ ಕರೀತಿದೆ. ನಾನಾದ್ರೂ ಓ ಅನ್ಲಾ?"

ದಾಕ್ಷಾಯಣಿ ಓಡಿಬಂದು ಮಗಳ ಬಾಯಿ ಮುಚ್ಚಿದಳು. ಚೀಟಿಯಲ್ಲಿ ದೊಡ್ಡದಾಗಿ ಬರೆದಳು, ಬೇಡ. ನಿಶಿತಾ ತಲೆಯಾಡಿಸಿದಳು. ಆದರೆ ಏಳು ವರ್ಷದ ಕೂಸಿನ ಬಾಯಿಗೆ ಎಷ್ಟು ಸಂಜೆ ಕೈ ಅಡ್ಡ ಹಿಡಿಯುವುದು? ಒಂದು ದಿನ ಅವಳು ಓ ಎಂದೇ ಎನ್ನುತ್ತಾಳೆ. ಆ ದಿನ ಈ ಅಡುಗೆಮನೆಯಲ್ಲಿ ದಾಕ್ಷಾಯಣಿಯ ಜಾಗದಲ್ಲಿ ಇನ್ನೇನೋ ನಿಂತಿರುತ್ತದೆ, ದಾಕ್ಷಾಯಣಿ ಬೇಲಿಯಾಚೆ ನಿಂತು ಕರೆಯುತ್ತಿರುತ್ತಾಳೆ.

ಚೀಟಿಯ ಕೆಳಗೆ ನಿಶಿತಾ ಒಂದು ಚಿತ್ರ ಬರೆದಳು. ಎರಡು ಜಡೆ, ಎರಡು ಕಣ್ಣು.

"ಪಾಪ ಅಮ್ಮಾ," ಎಂದಳು. ಈ ಸಲ ಕನ್ನಡದಲ್ಲೇ. "ಅದಕ್ಕೆ ಬಾಯಿ ಇಲ್ಲ. ನಮ್ದು ಬೇಕಿಲ್ಲ ಅದಕ್ಕೆ, ತಂದೇ ಬೇಕು."

ದಾಕ್ಷಾಯಣಿ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಕ್ಲಾಸಿನಲ್ಲಿ ಮಕ್ಕಳು ನಕ್ಕದ್ದು, ಅದು ಮಾತಾಡಲಿ ಅಂತ ಎಂದು ಸಿಯಾ ಹೇಳಿದ್ದು ನೆನಪಾಯಿತು. ಹತ್ತು ನಿಮಿಷದ ಭಾಷಣಕ್ಕೆ ಅವಳು ಓದಿದ್ದ ಪುಟಗಳಲ್ಲಿ ಯಾವುದರಲ್ಲೂ ಆ ಮಾತು ಇರಲಿಲ್ಲ.

ಮರುದಿನ ಐದು ಗಂಟೆಗೆ ಅವಳು ಚಾಕು ಹಿಡಿದು ಹಿತ್ತಲ ಮೆಟ್ಟಿಲ ಮೇಲೆ ಕೂತಳು. ಬಡಾವಣೆಯ ಕುಂಬಳಕಾಯಿಗಳೆಲ್ಲ ಕೊಳೆತು ಕಸದ ಡಬ್ಬಿ ಸೇರಿದ್ದವು. ಇದೊಂದೇ ಮೊದಲ ದಿನದ ಹಾಗೆ ಗಟ್ಟಿ. ಅಂಗಡಿಯ ಚಿತ್ರಗಳಲ್ಲಿರುವಂಥ ಹಲ್ಲು ಕಿರಿದ ಬಾಯಿ ಅವಳಿಗೆ ಬೇಕಿರಲಿಲ್ಲ. ಮಕ್ಕಳ ಬಾಯಿ ಹೇಗಿರುತ್ತದೆಂದು ಅವಳಿಗೆ ಗೊತ್ತು. ಕಣ್ಣಿನ ಕೆಳಗೆ, ಸರಿಯಾದ ಜಾಗದಲ್ಲಿ, ಸಣ್ಣದಾಗಿ ತೆರೆದ ಬಾಯಿ ಕೊರೆದಳು. ಒಳಗಿನ ಕುಂಕುಮ ಅವಳ ಬೆರಳುಗಳಿಗೆ ಹತ್ತಿತು. ದೀಪಾವಳಿಯಲ್ಲಿ ಉಳಿದಿದ್ದ ಮಣ್ಣಿನ ಹಣತೆ ಹಚ್ಚಿ ಒಳಗಿಟ್ಟಳು. ಪಕ್ಕದಲ್ಲಿ ಸಣ್ಣ ತಟ್ಟೆಯಲ್ಲಿ ಮೊಸರನ್ನ. ನಿಶಿತಾ ಬಾಗಿಲ ಒಳಗೆ, ಹೇಳಿಕೊಟ್ಟಂತೆ ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡು ನಿಂತಳು. ಕಾರ್ತಿಕೇಯ ಇನ್ನೂ ಐ-ಟೆನ್ ರಸ್ತೆಯ ಟ್ರಾಫಿಕ್ಕಿನಲ್ಲಿದ್ದ.

ಬೀದಿದೀಪ ಹತ್ತಿತು. ಗಂಟಲೊಳಗಿನಿಂದ ಏನೋ ಸರಿದು ಹೋದದ್ದು ದಾಕ್ಷಾಯಣಿಗೆ ದಿನದಂತೆ ತಿಳಿಯಿತು.

"ಅವ್ವಾ!" ಬೇಲಿಯಾಚೆಯಿಂದ, ಅವಳದೇ ಧ್ವನಿಯಲ್ಲಿ.

ಅವಳು ಅಲುಗಾಡಲಿಲ್ಲ.

"ಅವ್ವಾ!" ಬೇಲಿಯ ಈಚೆಯಿಂದ, ಹುಲ್ಲಿನ ಮೇಲಿನಿಂದ. ಹುಲ್ಲು ತುಳಿದ ಗುರುತು ಏನೂ ಕಾಣಲಿಲ್ಲ. ಕುಂಬಳಕಾಯಿಯೊಳಗಿನ ಹಣತೆ ಮಾತ್ರ ಯಾರೋ ಹತ್ತಿರ ಉಸಿರಾಡಿದಂತೆ ಬಾಗಿ ಮತ್ತೆ ನೆಟ್ಟಗಾಯಿತು.

ಆಮೇಲೆ ಬಹಳ ಹೊತ್ತು ಏನೂ ಇಲ್ಲ. ದಿನವೂ ಇಲ್ಲಿಗೇ ಮುಗಿಯುತ್ತಿತ್ತು.

ದಾಕ್ಷಾಯಣಿಯ ಗಂಟಲಿನಲ್ಲಿ ಬಿಗಿದ ಗಂಟೊಂದು ಸಡಿಲಿತು. ಕೆಮ್ಮಿದಳು. ಕೆಮ್ಮಿಗೆ ಸದ್ದು ಬಂತು. ಧ್ವನಿ ಬಂದಿದೆ ಎಂದು ಅವಳಿಗೆ ತಿಳಿದ ಹೊತ್ತಿಗೇ, ಮೆಟ್ಟಿಲ ಮೇಲಿನ ಆ ಪುಟ್ಟ ಬಾಯಿಯಿಂದ 'ಅವ್ವಾ' ಎಂಬ ಮಾತು ಬಂತು. ಮೂರನೆಯ ಸಲ. ಅದು ಅವಳ ಧ್ವನಿಯಲ್ಲ, ನಿಶಿತಾಳದಲ್ಲ, ಸಿಯಾಳದಲ್ಲ. ಎಷ್ಟೋ ಕಾಲದಿಂದ ಬಳಸದೆ ತುಕ್ಕು ಹಿಡಿದಂಥ, ಒಡಕು ಒಡಕಾದ, ತೀರ ಚಿಕ್ಕ ಕೂಸೊಂದರ ಸ್ವಂತ ಧ್ವನಿ.

ಈಗ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬಹುದಿತ್ತು. ಅವಳ ಧ್ವನಿ ಅವಳಿಗೆ ಸಿಕ್ಕಿತ್ತು. ಮಗಳು ಒಳಗಿದ್ದಳು. ಕಾಯಿಯನ್ನು ಒಡೆದರೂ ಈಗ ಯಾರ ಧ್ವನಿಯೂ ಹೋಗುತ್ತಿರಲಿಲ್ಲ, ಅದರದ್ದೊಂದರ ಹೊರತು. ಓ ಎಂದರೆ ಅದು ಮನೆ ಸೇರುತ್ತದೆ ಎಂದು ಅತ್ತೆ ಹೇಳಿದ್ದು ಅವಳಿಗೆ ಮರೆತಿರಲಿಲ್ಲ. ಆದರೆ ಈಗ ಧ್ವನಿ ಅದರದೇ, ಹೊರಗೆ ಉಳಿಯಬೇಕಾದವರು ಯಾರೂ ಇರಲಿಲ್ಲ. ಮೂರನೇ ಸಲ ಕರೆದವರಿಗೆ ಓಗೊಡಬೇಕು ಎಂದು ತನ್ನ ಅವ್ವ ಹೇಳಿದ್ದೂ ಮರೆತಿರಲಿಲ್ಲ. ನಾಲ್ಕು ದಿನ ಬಾಯಿ ಇದ್ದೂ ಸುಮ್ಮನಿದ್ದದ್ದು ಅವಳಿಗೆ ಆ ಹೊತ್ತಿನಲ್ಲಿ ಎಲ್ಲಕ್ಕಿಂತ ಹೆಚ್ಚು ನೆನಪಿತ್ತು. ಹಣತೆಯ ಬೆಳಕು ಪುಟ್ಟ ಬಾಯಿಯಲ್ಲಿ ನಡುಗುತ್ತ ಕಾಯುತ್ತಿತ್ತು.

"ಓ," ಎಂದಳು ದಾಕ್ಷಾಯಣಿ. "ಬಾ ಕೂಸ. ಒಳಗ ಬಾ." ಎನ್ನುತ್ತ ಮೆಟ್ಟಿಲಿನಿಂದ ಎದ್ದು ಪಕ್ಕಕ್ಕೆ ಸರಿದು ಬಾಗಿಲಿಗೆ ದಾರಿ ಬಿಟ್ಟಳು.